ಕ್ರಿಸ್ಮಸ್ ರಾತ್ರಿ ಶಾಲು ಹೊದಿಸಿದ ಸಹೋದರರಿಗೆ

ಕಳೆದ ಡಿಸೆಂಬರ್ 24ರ ರಾತ್ರಿ, ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ (ಚರ್ಚ್‌ಗೆ) 81 ವರ್ಷದ ನನ್ನ ತಾಯಿಯನ್ನು ಕರೆದುಕೊಂಡು ಕ್ರಿಸ್ಮಸ್ ಬಲಿಪೂಜೆಗೆ, ಅಂದರೆ ಮಾಸ್ ಪ್ರಾರ್ಥನೆಗೆ ಬಂದಾಗ, ಒಳಗಿನ ಪೀಠಗಳೆಲ್ಲ ಅದಾಗಲೇ ತುಂಬಿದ್ದವು. 'ಮಹೋನ್ನತದಲ್ಲಿ ದೇವರಿಗೆ ಮಹಿಮೆ' ಗೀತೆ ಮೊದಲಾಗಿ, ಕ್ರಿಸ್ಮಸ್‌ಗೆ ಸಿದ್ಧರಾಗುವ ವಾರಗಳಾದ ಆಗಮನಕಾಲದುದ್ದಕ್ಕೂ ಹಾಡದೆ ಕಾದಿದ್ದ ಆ ಗೀತೆಗೆ ಗಂಟೆಗಳು ಮೊಳಗುತ್ತಿದ್ದಂತೆಯೇ ತಾಯಿಯ ಕೈ ತಣ್ಣಗಾಗಿ, ಅವರು ನನ್ನ ಮೇಲೆ ವಾಲಿದರು. ನನಗೆ ದಿಕ್ಕೇ ತೋಚಲಿಲ್ಲ.

ಬಾಗಿಲ ಬಳಿ ಜನರಿಗೆ ದಾರಿ ಮಾಡಿಕೊಡುತ್ತಿದ್ದ ತಾವು, ನಾನು ಕರೆಯುವ ಮೊದಲೇ ಒಂದು ಕುರ್ಚಿಯನ್ನು ತಲೆಯ ಮೇಲೆತ್ತಿ ತಂದು ಕಂಬದ ಪಕ್ಕದಲ್ಲಿಟ್ಟಿರಿ. "ಅಜ್ಜಿ, ನಿಧಾನವಾಗಿ ಕೂತ್ಕೊಳ್ಳಿ, ಏನೂ ಆಗಲ್ಲ" ಎಂದು ಮಂಡಿಯೂರಿ ಅವರ ಚಪ್ಪಲಿ ಬಿಚ್ಚಿ, ಫ್ಲಾಸ್ಕಿನ ಬಿಸಿನೀರನ್ನು ಮುಚ್ಚಳಕ್ಕೆ ಸುರಿದು, ಆರಿಸಿ ಆರಿಸಿ ಕುಡಿಸಿದಿರಿ. ತಮ್ಮ ಶಾಲನ್ನೇ ಅವರಿಗೆ ಹೊದಿಸಿದಿರಿ. ಯೇಸುವಿನ ಜನನದ ವೇಳೆ ಛತ್ರದಲ್ಲಿ ಸ್ಥಳ ಸಿಗದ ಮರಿಯ-ಜೋಸೆಫ್ ದಂಪತಿಯ ಶುಭಸಂದೇಶದ (ಬೈಬಲ್) ವಾಚನವನ್ನು ನನ್ನ ತಾಯಿ ಕಣ್ಣು ತೆರೆದು, ಕುಳಿತೇ ಆಲಿಸಿದರು. ಆಗಷ್ಟೇ ನನ್ನ ಉಸಿರು ಹತೋಟಿಗೆ ಬಂತು.

ಪರಮಪ್ರಸಾದವನ್ನು, ಅಂದರೆ ಪವಿತ್ರ ರೊಟ್ಟಿಯನ್ನು ಹಂಚುವ ಹೊತ್ತಿಗೆ ತಾವು ಗುರುಗಳ ಬಳಿ ಹೋಗಿ ಏನೋ ಹೇಳಿದ್ದನ್ನು ಕಂಡೆ. ಅವರು ಆ ಜನಸಂದಣಿಯನ್ನು ದಾಟಿ ತಾಯಿ ಕುಳಿತಲ್ಲಿಗೇ ಬಂದರು. ತಾಯಿ ಇಂದಿಗೂ ಹೆಚ್ಚಾಗಿ ನೆನೆಯುವುದು ಅದನ್ನೇ.

ಯೇಸುವಿನ ಜನನದ ದೃಶ್ಯವಿರುವ ಗೋದಲಿಗೆ ನಮಸ್ಕರಿಸಿ ಹಿಂದಿರುಗುವಷ್ಟರಲ್ಲಿ ತಾವು ಅಲ್ಲಿರಲಿಲ್ಲ, ಹೆಸರನ್ನೂ ಕೇಳಲಾಗಲಿಲ್ಲ. ತಮಗೆ ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳು. ಶಾಲನ್ನು ಒಗೆದು ಮಡಿಸಿಟ್ಟಿದ್ದೇವೆ; ಈ ವರ್ಷದ ಕ್ರಿಸ್ಮಸ್ ರಾತ್ರಿ ಅದೇ ಕಂಬದ ಬಳಿ ಕಾದಿರುತ್ತೇವೆ.