ಹುಡುಕುವ ಕ್ರಮವನ್ನೂ ಕಾಲೇಜಿನಲ್ಲಿ ಕಲಿಸಬೇಕು

ಮಾನ್ಯ ಸಂಪಾದಕರೇ,

ಮುಂಬಯಿಯ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳಲ್ಲಿ ಕೆಲವರು ಪದವಿಯ ಸಂಶೋಧನಾ ಪ್ರಾಜೆಕ್ಟಿಗೆ ಇಲ್ಲಿನ ಕನ್ನಡಿಗರ ಬದುಕನ್ನೇ ವಿಷಯವಾಗಿ ಆರಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಆದರೆ ಗ್ರಂಥಾಲಯದ ಡೇಟಾಬೇಸಿನಲ್ಲಿ ಪ್ರಾಜೆಕ್ಟಿನ ಉದ್ದನೆಯ ಶೀರ್ಷಿಕೆಯನ್ನು ಇದ್ದಂತೆಯೇ ಟೈಪ್ ಮಾಡಿ, ಏನೂ ಸಿಗದಿದ್ದಾಗ ಈ ಬಗ್ಗೆ ಯಾರೂ ಬರೆದೇ ಇಲ್ಲವೆಂದು ತೀರ್ಮಾನಿಸುವವರನ್ನು ಗ್ರಂಥಪಾಲಕಿಯಾಗಿದ್ದಾಗ ನಾನು ಬಹಳ ಕಂಡಿದ್ದೇನೆ. ಅದು ಅವರ ತಪ್ಪಲ್ಲ. ಹುಡುಕುವುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಮೊದಲು ವಿಷಯವನ್ನು ಎರಡು ಮೂರು ಮುಖ್ಯ ಪದಗಳಾಗಿ ಬಿಡಿಸಿಕೊಳ್ಳಬೇಕು. ವಲಸೆ, ಹೋಟೆಲ್, ಮುಂಬಯಿ ಎಂಬಂತಹ ಬೇರೆ ಬೇರೆ ಪದಗಳ ನಡುವೆ 'ಆ್ಯಂಡ್' ಸೇರಿಸಿದರೆ ಫಲಿತಾಂಶ ಕಿರಿದಾಗುತ್ತದೆ; ಒಂದೇ ಅರ್ಥದ ಪರ್ಯಾಯ ಪದಗಳ ನಡುವೆ 'ಆರ್' ಸೇರಿಸಿದರೆ ಹಿಗ್ಗುತ್ತದೆ. ಜೊತೆಯಾಗಿಯೇ ಬರಬೇಕಾದ ಪದಗಳಿಗೆ ಉದ್ಧರಣ ಚಿಹ್ನೆ ಹಾಕಬೇಕು.

ಹೊಸಬರು ಹೆಚ್ಚು ಎಡವುವುದು ಹೆಸರುಗಳಲ್ಲಿ. ಈ ನಗರ ಅಧಿಕೃತವಾಗಿ ಮುಂಬಯಿ ಆದದ್ದು 1995ರಲ್ಲಿ. ಅದಕ್ಕೂ ಹಿಂದಿನ ಇಂಗ್ಲಿಷ್ ಬರಹಗಳು ಬಹುಮಟ್ಟಿಗೆ 'ಬಾಂಬೆ' ಎಂದೇ ದಾಖಲಾಗಿರುವುದರಿಂದ ಎರಡನ್ನೂ 'ಆರ್' ಮೂಲಕ ಜೋಡಿಸಿ ಹುಡುಕಬೇಕಾಗುತ್ತದೆ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೇ ಸೇರಿದ್ದವು. ಆ ಕಾಲದ ವರದಿಗಳು ಬೇಕಿದ್ದರೆ 'ನಾರ್ತ್ ಕೆನರಾ' ಎಂದೂ, ಭಾಷೆಯ ಹೆಸರನ್ನು ಇಂಗ್ಲಿಷಿನ 'ಸಿ' ಮತ್ತು 'ಕೆ' ಎರಡೂ ಅಕ್ಷರಗಳಿಂದ 'ಕೆನರೀಸ್' ಎಂದೂ ಬರೆದು ನೋಡಲೇಬೇಕು. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ' ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಅಲ್ಲಿಯೂ ಕನ್ನಡ ಪ್ರಬಂಧಗಳ ಶೀರ್ಷಿಕೆಗಳು ಕೆಲವು ಕನ್ನಡ ಲಿಪಿಯಲ್ಲಿ, ಕೆಲವು ಇಂಗ್ಲಿಷ್ ಅಕ್ಷರಗಳಲ್ಲಿ ಇವೆ. ಒಂದೇ ಲಿಪಿಯಲ್ಲಿ ಹುಡುಕಿ ಕೈಬಿಟ್ಟವರಿಗೆ ಉಳಿದವು ಕಾಣುವುದೇ ಇಲ್ಲ.

ಒಳ್ಳೆಯ ಲೇಖನ ಒಂದು ಸಿಕ್ಕರೂ ಸಾಕು, ಅದಕ್ಕೆ ಡೇಟಾಬೇಸ್ ಕೊಟ್ಟಿರುವ ವಿಷಯಸೂಚಕ ಪದಗಳನ್ನೂ ಲೇಖನದ ಕೊನೆಯ ಗ್ರಂಥಋಣವನ್ನೂ ಹಿಡಿದು ಮುಂದೆ ಹೋಗಬಹುದು. ನನ್ನ ಅನುಭವದಲ್ಲಿ ಇದರಷ್ಟು ಫಲ ಕೊಡುವ ದಾರಿ ಬೇರೆ ಇಲ್ಲ.

ಅನೇಕ ಕಾಲೇಜುಗಳು ಇ-ಪುಸ್ತಕ, ಇ-ನಿಯತಕಾಲಿಕೆಗಳನ್ನು ಒದಗಿಸುವ 'ಎನ್-ಲಿಸ್ಟ್' ಯೋಜನೆಯ ಸದಸ್ಯತ್ವ ಪಡೆದಿದ್ದರೂ ಅದರ ಪಾಸ್‌ವರ್ಡ್ ಕೇಳಿ ಪಡೆಯಬಹುದೆಂಬುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ಆದ್ದರಿಂದ ಪ್ರಾಜೆಕ್ಟ್ ಆರಂಭವಾಗುವ ವಾರದಲ್ಲಿಯೇ ಪ್ರಾಧ್ಯಾಪಕರು ತಮ್ಮ ತರಗತಿಯನ್ನು ಗ್ರಂಥಾಲಯಕ್ಕೆ ಕರೆದೊಯ್ದು, ಪ್ರತಿಯೊಬ್ಬರೂ ತಮ್ಮ ವಿಷಯವನ್ನು ಗ್ರಂಥಪಾಲಕರ ಎದುರಿನಲ್ಲೇ ಹುಡುಕಿ ನೋಡುವಂತೆ ಮಾಡಬೇಕು. ನಗರದ ಕನ್ನಡ ಸಂಘಗಳೂ ವಿದ್ಯಾರ್ಥಿವೇತನ ವಿತರಣೆಯ ದಿನ ಇಂತಹ ಒಂದು ಗಂಟೆಯ ತರಬೇತಿಯನ್ನು ಏರ್ಪಡಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ನಿವೃತ್ತ ಕಾಲೇಜು ಗ್ರಂಥಪಾಲಕಿ, ಮುಲುಂಡ್, ಮುಂಬಯಿ