ನಿರಾಶ್ರಿತರಿಗೆ ನೆರೆಯವರೂ ಬೇಕು

ನಿರಾಶ್ರಿತರಿಗೆ ನೆಲೆ ಕೊಡುವ ಕೆಲಸದಲ್ಲಿ ಸಾಮಾನ್ಯ ಜನರಿಗೂ ಪಾಲು ಸಿಗಬೇಕು. ಕೆನಡಾದ ಬಗ್ಗೆ ಬಂದ ವರದಿ ಓದಿ ನನಗೆ ಹೀಗನಿಸಿತು. ಅಲ್ಲಿ ಐದು ಜನ ಸೇರಿ ಒಂದು ನಿರಾಶ್ರಿತ ಕುಟುಂಬದ ಹೊಣೆ ಹೊರುವ ಪದ್ಧತಿ ಬೆಳೆದಿದೆ. ಮನೆ ಬಾಡಿಗೆ, ದಿನಸಿ, ಮಕ್ಕಳ ಶಾಲೆ, ಭಾಷೆ ಕಲಿಯುವುದು, ಎಲ್ಲದಕ್ಕೂ ಸಾಮಾನ್ಯವಾಗಿ ಒಂದು ವರ್ಷ ಜೊತೆಗೆ ನಿಲ್ಲುತ್ತಾರೆ. 1979ರಿಂದ ಇಂಥ ಖಾಸಗಿ ಪ್ರಾಯೋಜಕತ್ವದಲ್ಲಿ 3 ಲಕ್ಷಕ್ಕೂ ಜಾಸ್ತಿ ಜನ ಅಲ್ಲಿ ನೆಲೆ ಕಂಡಿದ್ದಾರೆ. ಅರುಣಾಚಲದಲ್ಲಿದ್ದ ಕೆಲವು ಟಿಬೆಟನ್ನರೂ ಇಂಥದೇ ಪ್ರಾಯೋಜಕರ ನೆರವಿನಿಂದ ಕೆನಡಾಕ್ಕೆ ಹೋದವರು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ದೂರದ ಮಾತಲ್ಲ. 1966ರಲ್ಲೇ ಮುಂಡಗೋಡದಲ್ಲಿ ಟಿಬೆಟನ್ನರ ಕ್ಯಾಂಪ್ ಶುರುವಾಯಿತು. ಸರ್ಕಾರ ಜಮೀನು ಕೊಟ್ಟಿತು, ಅವರು ದುಡಿದು ಗೋವಿನಜೋಳ ಬೆಳೆದರು. ಆದರೆ ಶಿರಸಿಯಿಂದ ಹೋಗುವ ಹೆಚ್ಚಿನವರು ಬೌದ್ಧ ಮಂದಿರ ನೋಡಿ, ಫೋಟೊ ತೆಗೆದು ವಾಪಸ್ ಬರುತ್ತಾರೆ. ಅಲ್ಲಿನ ಒಬ್ಬರ ಹೆಸರೂ ಗೊತ್ತಿರುವುದಿಲ್ಲ. ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಊರು ಬಿಟ್ಟ ಕಾರವಾರ, ಅಂಕೋಲೆಯವರನ್ನು ಕೇಳಿ ನೋಡಿ. ಹೊಸ ಜಾಗದಲ್ಲಿ ‘ಬನ್ನಿ, ಕೂತ್ಕೊಳ್ಳಿ’ ಅನ್ನುವವರು ಎಷ್ಟು ಮುಖ್ಯ ಅಂತ ಅವರಿಗೆ ಗೊತ್ತು, ಅಲ್ವಾ?

ಭಾರತದಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಕೇಂದ್ರ ಸರ್ಕಾರ ಅದನ್ನು ತರಲಿ, ಜನರೂ ಹೊಣೆ ಹೊರಲು ಅದರಲ್ಲಿ ಅವಕಾಶ ಇಡಲಿ. ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ. ಶಿರಸಿ, ಮುಂಡಗೋಡದ ಮಹಿಳಾ ಸಂಘ, ಯುವಕ ಮಂಡಳಿಗಳು ಕ್ಯಾಂಪಿನ ಹಿರಿಯರನ್ನು ಕೇಳಿ, ಆಸರೆ ಬೇಕಾದ ಒಂದೊಂದು ಮನೆಯ ಜೊತೆ ಒಂದು ವರ್ಷ ನಿಲ್ಲಲಿ. ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳಿಗೆ ಕನ್ನಡ ಹೇಳಿಕೊಡುವುದು, ಇಷ್ಟರಿಂದ ಶುರು ಮಾಡಬಹುದು.

– ಒಬ್ಬ ಓದುಗ, ಶಿರಸಿ