ಕೋಣೆ ಹಿಡಿಯುವ ಮುಂಚೆ ಬಚ್ಚಲ ನೀರಿನ ದಾರಿ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜೈಸಲ್ಮೇರ್ ಪ್ರವಾಸದ ಬರಹ ಓದಿದೆ. ಊರಿನ ವರ್ಣನೆ ಸೊಗಸಾಗಿತ್ತು. ಆದರೆ ಎಲ್ಲಿ ಉಳಿಯಬೇಕು ಎಂಬಲ್ಲಿ ಬರೆದಿದ್ದ ಸಲಹೆಯ ಬಗ್ಗೆ ನನಗೆ ತಕರಾರಿದೆ: ಒಂದು ರಾತ್ರಿ ಕೋಟೆಯೊಳಗೇ ಮಲಗಿ, ಇನ್ನೊಂದು ರಾತ್ರಿ ಸಮ್ ಮರಳುದಿಬ್ಬಗಳ ಪಕ್ಕದ ಐಷಾರಾಮಿ ಗುಡಾರದಲ್ಲಿ. ಕಳೆದ ಜನವರಿಯಲ್ಲಿ ನಾವು ಮಾಡಿದ್ದೂ ಅದನ್ನೇ. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಹೋಗಿದ್ದೆವು. ಮೂವತ್ತೆರಡು ವರ್ಷ ಬಳ್ಳಾರಿ ಸೀಮೆಯ ಊರುಗಳಿಗೆ ನೀರು ಕೊಡುವ, ಕೊಟ್ಟ ನೀರು ಎಲ್ಲಿ ಸೋರಿತೆಂದು ಹುಡುಕುವ ಕೆಲಸ ಮಾಡಿದವನು ನಾನು. ಹಾಗಾಗಿ ಅಲ್ಲಿ ಕಂಡದ್ದನ್ನು ಬರೆಯದೆ ಇರಲಾರೆ.

ಕೋಟೆಯೊಳಗೆ ನಮಗೆ ಸಿಕ್ಕ ಕೋಣೆ ಒಂದು ಕೊತ್ತಲಕ್ಕೆ ಹೊಂದಿಕೊಂಡಿತ್ತು. ಕಿಟಕಿ ತೆಗೆದರೆ ಇಡೀ ಊರು ಕೆಳಗೆ. ಸಂಜೆ ಹಳದಿ ಕಲ್ಲಿನ ಗೋಡೆಗಳು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುವುದನ್ನು ಮೊಮ್ಮಕ್ಕಳು ಮಾತಿಲ್ಲದೆ ನೋಡಿದರು. ಬಚ್ಚಲಲ್ಲಿ ಬಿಸಿನೀರಿನ ಶವರ್, ಕಮೋಡ್, ಎಲ್ಲವೂ ಇದ್ದವು. ಬೆಳಿಗ್ಗೆ ಮಂಚ ಸರಿಸಿದಾಗ ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಅರಳಿದ್ದು ಕಂಡಿತು. ಬೆರಳಿನಿಂದ ಒರೆಸಿದೆ. ಕಲ್ಲೇ ಪುಡಿಯಾಗಿ ಉದುರಿತು. ಎಲ್ಲೋ ಒಳಗೆ ನೀರು ಹರಿಯುತ್ತಿದೆ ಎಂದರ್ಥ.

ಶಾಲು ಹೊದ್ದು ಒಬ್ಬನೇ ಇಳಿದುಹೋಗಿ ಕೋಟೆಯ ಸುತ್ತ ನಡೆದೆ. ಗೋಡೆಯ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳು. ಕೆಲವು ಕಡೆ ಪೈಪಿನ ಬಾಯಿ ನೇರ ಹೊರಗೆ. ಒಂದು ಕೊತ್ತಲದ ಕೆಳಗೆ ಹಸಿರು ಹುಲ್ಲು ದಟ್ಟವಾಗಿ ಬೆಳೆದಿತ್ತು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಊರಿನಲ್ಲಿ, ಜನವರಿಯಲ್ಲಿ, ಗೋಡೆಯ ಬುಡದಲ್ಲಿ ಮಾತ್ರ ಹುಲ್ಲು! ನೌಕರಿಯಲ್ಲಿದ್ದಾಗ ಇಂಥ ಹುಲ್ಲಿನ ಜಾಡು ಹಿಡಿದೇ ಎಷ್ಟೋ ಒಡೆದ ಪೈಪುಗಳನ್ನು ಪತ್ತೆ ಮಾಡಿದ್ದೇನೆ.

ನಮ್ಮ ಬಳ್ಳಾರಿ ಗುಡ್ಡ ಗಟ್ಟಿ ಗ್ರಾನೈಟ್ ಬಂಡೆ. ಅದರ ಮೇಲೆ ಎಷ್ಟು ನೀರು ಸುರಿದರೂ ಜಾರಿ ಹೋಗುತ್ತದೆ. ಜೈಸಲ್ಮೇರಿನ ತ್ರಿಕೂಟ ಗುಡ್ಡ ಹಾಗಲ್ಲ. ಅದು ಮರಳುಗಲ್ಲು, ಜೇಡಿ, ಮೆತ್ತನೆಯ ಪದರಗಲ್ಲು ಒಂದರ ಮೇಲೊಂದು ಕೂತ ಗುಡ್ಡ. ಜೇಡಿ ನೀರು ಕುಡಿದು ಉಬ್ಬಿದರೆ, ಜಾರಿದರೆ, ಮೇಲಿನ ಗೋಡೆಗೆ ನಿಲ್ಲಲು ನೆಲವೇ ಇರುವುದಿಲ್ಲ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, 99 ಕೊತ್ತಲಗಳು. ಅವು ಶತಮಾನಗಳನ್ನು ತಾಳಿದ್ದಕ್ಕೆ ಒಂದು ಕಾರಣ ಅಲ್ಲಿ ನೀರು ಅಪರೂಪವಾಗಿದ್ದದ್ದು. ಹೆಂಗಸರು ಗಡಿಸರ್ ಕೆರೆಯಿಂದ ಕೊಡ ಹೊತ್ತು ತರುತ್ತಿದ್ದ ಕಾಲದಲ್ಲಿ ಒಂದು ತಂಬಿಗೆ ನೀರನ್ನೂ ಯಾರು ಚೆಲ್ಲುತ್ತಿದ್ದರು? ಮಳೆನೀರು ಹೊರಹೋಗಲು ಘುಟ್ ನಾಲಿ ಎಂಬ ಕಾಲುವೆಗಳನ್ನು ಅವರು ಮಾಡಿಕೊಂಡಿದ್ದರು, ಅಷ್ಟು ಸಾಕಾಗಿತ್ತು. ಆಮೇಲೆ ನಲ್ಲಿ ಬಂತು, ಫ್ಲಶ್ ಬಂತು, ನಮ್ಮಂಥ ಅತಿಥಿಗಳು ಬಂದೆವು. 1990ರ ದಶಕದಲ್ಲಿ ಕೆಲವು ಕೊತ್ತಲಗಳು ಕುಸಿದವು. 1996ರಲ್ಲಿ ವಿಶ್ವ ಸ್ಮಾರಕ ನಿಧಿ ಈ ಕೋಟೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ರಾಜಸ್ಥಾನದ ಇನ್ನೈದು ಗಿರಿದುರ್ಗಗಳ ಜೊತೆ ಯುನೆಸ್ಕೊ ಮಾನ್ಯತೆಯೂ ಸಿಕ್ಕಿತು.

ನಮ್ಮ ಇಲಾಖೆಯ ಲೆಕ್ಕ ಹೇಳುತ್ತೇನೆ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿಯುತ್ತೇವೆ. ಎಂಟು ಕೋಣೆಯ ಒಂದು ಚಿಕ್ಕ ವಸತಿಗೃಹದಲ್ಲಿ ಹದಿನಾರು ಜನ ಇದ್ದರೆ 2160 ಲೀಟರ್ ಆಯಿತು. ಹೆಚ್ಚುಕಡಿಮೆ ಅಷ್ಟೂ ಬಚ್ಚಲ ನೀರಾಗಿ, ಪಾಯಿಖಾನೆ ನೀರಾಗಿ ಇಳಿಯುತ್ತದೆ. ಹಳೇ ಕಲ್ಲಿನ ಸಂದಿಯಲ್ಲಿ ಹಾಯಿಸಿದ ಪೈಪಿನ ಒಂದು ಕೀಲು ಸೋರಿದರೂ ಸಾಕು.

ಕೋಟೆಯ ಆ ಕೋಣೆಗೆ ಎರಡು ರಾತ್ರಿಯ ದುಡ್ಡು ಕಟ್ಟಿದ್ದೆವು. ಒಂದೇ ರಾತ್ರಿಗೆ ಬಿಟ್ಟು ಹೊರಟೆವು, ಎರಡನೆಯದರ ಹಣ ವಾಪಸಾಗಲಿಲ್ಲ. ಅಳಿಯನಿಗೆ ಬೇಸರವಾಯಿತು. ನನ್ನ ಹೆಂಡತಿ ಮಾತ್ರ, "ಹೋದ್ರೆ ಹೋಗ್ಲಿ ಬಿಡ್ರಿ, ಈ ಗ್ವಾಡಿ ನೋಡಿದ್ಮ್ಯಾಲೆ ನನಗೂ ಮೈಮೇಲೆ ನೀರು ಹಾಕ್ಕೊಳ್ಳಾಕ ಮನಸ್ಸಾಗವಲ್ದು" ಅಂದಳು. ಅದೇ ದಿನ ಕೆಳಗಿಳಿದು ಗಡಿಸರ್ ಕೆರೆಯ ಹಾದಿಯಲ್ಲಿ ಒಂದು ಸಾದಾ ಲಾಡ್ಜ್ ಹಿಡಿದೆವು. ಆ ಮಾಳಿಗೆಯ ಮೇಲೆ ನಿಂತರೆ ಕೋಟೆ ಪೂರ್ತಿ ಕಾಣುತ್ತದೆ. ಒಳಗೆ ಮಲಗಿದವರಿಗೆ ಅದು ಕಾಣುವುದಿಲ್ಲ ನೋಡಿ.

ಕೋಟೆಯೊಳಗೆ ತಲೆಮಾರುಗಳಿಂದ ಬಾಳುತ್ತಿರುವ ಸಾವಿರಾರು ಜನರನ್ನು ನಾನು ದೂರುತ್ತಿಲ್ಲ. ಅತಿಥಿಗಳು ಬರದಿದ್ದರೆ ನಮ್ಮ ಹೊಟ್ಟೆಪಾಡೇನು ಎಂದು ಅಲ್ಲಿನ ಒಬ್ಬ ಅಂಗಡಿಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೂರು ದಿನವೂ ಮೇಲೆ ಹತ್ತಿ ಹೋದೆವು. ಮಧ್ಯಾಹ್ನದ ಊಟ ಅಲ್ಲೇ ಮಾಡಿದೆವು, ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಂಡು ಜೈನ ಬಸದಿಗಳನ್ನು ನೋಡಿದೆವು, ಹೆಂಡತಿ ಎರಡು ಕಸೂತಿ ದುಪಟ್ಟಾ ಕೊಂಡಳು. ಹಣ ಕೋಟೆಯೊಳಗೆ ಉಳಿಯಲಿ, ನಮ್ಮ ಸ್ನಾನದ ನೀರು ಉಳಿಯುವುದು ಬೇಡ.

ಇನ್ನು ಸಮ್. ಊರಿನಿಂದ ಸುಮಾರು 40 ಕಿಲೋಮೀಟರ್. ಒಂಟೆ ಸವಾರಿಯ ಆಸೆಗೆ ಮಕ್ಕಳು ಹಟ ಹಿಡಿದಿದ್ದರು. ಗುಡಾರಗಳು ಸಾಲುಸಾಲಾಗಿ ನಿಂತಿದ್ದವು. ಊಟವಾದ ಮೇಲೆ ಡಿಜೆ ಹಚ್ಚಿದರು. ಆ ಬೆಳಕಿನಲ್ಲಿ ಮೊಮ್ಮಗಳು ಹುಡುಕಿದರೂ ನಕ್ಷತ್ರ ಸಿಗಲಿಲ್ಲ. ಬೆಳಿಗ್ಗೆ ಗುಡಾರದ ಹಿಂದೆ ಉಳಿದ ಅನ್ನ, ರೊಟ್ಟಿ ಸುರಿದಿದ್ದರು. ಏಳೆಂಟು ನಾಯಿಗಳು ಅದರ ಸುತ್ತ ನೆರೆದಿದ್ದವು.

ಆ ನಾಯಿಗಳನ್ನು ಕಂಡು ನನಗೆ ಸಿರುಗುಪ್ಪ ನೆನಪಾಯಿತು. ಸಮ್ ಇರುವುದು 3162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ. ಅಲ್ಲಿನವರು ಗೋಡಾವಣ್ ಎನ್ನುವ, ನಾವು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎನ್ನುವ ಹಕ್ಕಿಗೆ ಉಳಿದಿರುವ ದೊಡ್ಡ ಆಸರೆ ಆ ಸೀಮೆ. ನೌಕರಿಗೆ ಸೇರಿದ ಹೊಸದರಲ್ಲಿ ಸಿರುಗುಪ್ಪದ ಎರೆಹೊಲದಲ್ಲಿ ಅದನ್ನು ಒಮ್ಮೆ ಕಂಡಿದ್ದೆ. ಎತ್ತರದ, ಗಂಭೀರ ನಡಿಗೆಯ ಹಕ್ಕಿ. ಈಗ ನಮ್ಮಲ್ಲಿ ಬೆರಳೆಣಿಕೆಯಷ್ಟೂ ಉಳಿದಿವೆಯೋ ಇಲ್ಲವೋ ಎನ್ನುವ ಸ್ಥಿತಿ. ದೇಶದಲ್ಲೇ ನೂರೈವತ್ತಕ್ಕಿಂತ ಕಡಿಮೆ ಎನ್ನುತ್ತಾರೆ. ಅದು ಬರಿ ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಎಂಜಲಿಗೆ ಬೆಳೆದ ನಾಯಿಗಳ ಹಿಂಡು ಆ ಮೊಟ್ಟೆಯನ್ನು ಬಿಡುತ್ತದೆಯೇ? ವಿದ್ಯುತ್ ತಂತಿಗೆ ಬಡಿದು ಸಾಯುವ ಹಕ್ಕಿಗಳ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ನಮ್ಮ ತಟ್ಟೆಯಲ್ಲಿ ಬಿಟ್ಟ ಅನ್ನದ ವಿಚಾರವನ್ನು ನಾವೇ ನೋಡಿಕೊಳ್ಳಬಹುದು.

ಕೊನೆಯ ರಾತ್ರಿ ಖುರಿ ಎಂಬ ಹಳ್ಳಿಯಲ್ಲಿ ಒಂದು ಮನೆಯವರ ಅತಿಥಿಗಳಾದೆವು. ಖುರಿಯಲ್ಲೂ ಕ್ಯಾಂಪುಗಳಿವೆ, ಆದ್ದರಿಂದ ವಿಚಾರಿಸಿಯೇ ಹೋಗಬೇಕು. ಸಗಣಿ ಸಾರಿಸಿದ ದುಂಡನೆಯ ಮಣ್ಣಿನ ಗುಡಿಸಲು, ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ ಪಲ್ಯ, ಮಜ್ಜಿಗೆ. ಸಜ್ಜೆ ರೊಟ್ಟಿ ನಮಗೆ ಹೊಸದಲ್ಲ, ಮಕ್ಕಳೂ ತಟ್ಟೆ ಖಾಲಿ ಮಾಡಿದರು. ರಾತ್ರಿ ದೀಪ ಆರಿಸಿದ ಮೇಲೆ ಮೊಮ್ಮಗಳು ಅಂಗಳದಲ್ಲಿ ಕಂಬಳಿ ಹೊದ್ದು ಕೂತು ನಕ್ಷತ್ರ ಎಣಿಸಿದಳು. ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಬಕೆಟ್ ಬಿಸಿನೀರು ಸಿಕ್ಕಿತು. ಆರು ಜನರ ಸ್ನಾನ ಅದರಲ್ಲೇ ಮುಗಿಯಿತು. ಬಚ್ಚಲ ನೀರು ಚಿಕ್ಕ ಕಾಲುವೆಯಲ್ಲಿ ಹರಿದು ಹಿತ್ತಲ ಬೇವಿನ ಸಸಿಗೆ ಹೋಗುತ್ತಿತ್ತು.

ಇದು ದೂರದ ರಾಜಸ್ಥಾನದ ಮಾತು ಎಂದು ಓದುಗರು ತಿಳಿಯಬಾರದು. ಹಂಪಿಯ ಎದುರಿನ ವಿರೂಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳು ಬೆಳೆದದ್ದನ್ನೂ, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವನ್ನು ಕೆಡವಿದ್ದನ್ನೂ ನಮ್ಮ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಅಲ್ಲಿ ಕೋಣೆ ಹಿಡಿದವರೂ ನಮ್ಮಂಥವರೇ.

ನನ್ನ ಕೋರಿಕೆ ಇಷ್ಟೆ. ಪ್ರವಾಸದ ಬರಹದ ಕೊನೆಗೆ ನೀವು ಬಾಡಿಗೆ, ಊಟ, ದಾರಿಯ ವಿವರ ಹಾಕುತ್ತೀರಿ. ಅದರ ಜೊತೆ ಇನ್ನೆರಡು ಸಂಗತಿಯನ್ನೂ ಬರಹಗಾರರಿಂದ ಕೇಳಿ ಹಾಕಿಸಿ: ಅಲ್ಲಿನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಉಳಿದ ಅನ್ನ ಎಲ್ಲಿಗೆ ಹೋಗುತ್ತದೆ. ಮುಂದಿನ ಚಳಿಗಾಲದ ಬುಕಿಂಗ್ ದಸರಾ ರಜೆಗೇ ಶುರುವಾಗುತ್ತದೆ. ಅಷ್ಟರೊಳಗೆ ಈ ಪತ್ರ ಅಚ್ಚಾದರೆ ಉಪಕಾರವಾದೀತು.

ಇಂತಿ,
ನಿವೃತ್ತ ಸಹಾಯಕ ಎಂಜಿನಿಯರ್ (ನೀರು ಸರಬರಾಜು), ಬಳ್ಳಾರಿ